ಡಿಸ್ಕ್ ಕಾಣದ ಕರ್ನಲ್: ಹುಡುಕಾಟ ಬಸ್‌ನಿಂದ ಶುರುವಾಗಲಿ

ಹೊಸದಾಗಿ ಕಟ್ಟಿದ ಲಿನಕ್ಸ್ ಕರ್ನಲ್ (ಯಂತ್ರವನ್ನೆಲ್ಲ ನಡೆಸುವ, ವ್ಯವಸ್ಥೆಯ ತಿರುಳು) ಬೂಟ್ ಆಗಲು ಶುರುವಾಗಿ ಎರಡು ಸೆಕೆಂಡಿಗೇ ನಿಂತುಬಿಟ್ಟಿತು. ಪರದೆಯ ತಳದಲ್ಲಿ ‘ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)’ ಎಂಬ ಸಾಲು. ಕರ್ನಲ್ಲನ್ನು ತಾವೇ ಕಂಪೈಲ್ ಮಾಡಿಕೊಳ್ಳುವವರಿಗೆ ಈ ಸಾಲು ಹೊಸತಲ್ಲ. ಡಿಸ್ಕ್ ಸಿಗಲಿಲ್ಲ ಎಂದು ಅರ್ಥ. ಹಾಗಾದರೆ ಡಿಸ್ಕಿನ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಹಾಕಿಲ್ಲ ಎಂದೇ ಎಲ್ಲರೂ ಮೊದಲು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡು ಎರಡು ಸಂಜೆ ಕರ್ನಲ್ ಆಯ್ಕೆಗಳ ಪೈಕಿ ಎನ್‌ವಿಎಂಇ (ಪಿಸಿಐ ಬಸ್ಸಿಗೆ ಸೇರುವ ವೇಗದ ಎಸ್‌ಎಸ್‌ಡಿ) ಮೆನುವಿನೊಳಗೇ ಓಡಾಡಿದೆ. ಡ್ರೈವರ್ ಸರಿಯಾಗಿಯೇ ಇತ್ತು. ಡ್ರೈವರ್‌ನಿಂದ ಡಿಸ್ಕಿನವರೆಗೆ ಹೋಗುವ ದಾರಿ, ಅಂದರೆ ಬಸ್, ನಡುವೆಯೇ ಕಡಿದುಹೋಗಿತ್ತು.

ಆ ಎರಡು ಸಂಜೆ ಇನ್ನೊಬ್ಬರಿಗೆ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಆದೇಶಗಳನ್ನೂ ಕಾನ್ಫಿಗ್ (ಕರ್ನಲ್ಲಿನಲ್ಲಿ ಏನೇನು ಇರಬೇಕೆಂಬ ಆಯ್ಕೆಗಳು) ಹೆಸರುಗಳನ್ನೂ ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಕಾನ್ಫಿಗ್ ಹೆಸರುಗಳು ಪೂರ್ತಿ ದೊಡ್ಡಕ್ಷರದಲ್ಲಿರುತ್ತವೆ, ಪ್ರತಿಯೊಂದರ ಮುಂದೆಯೂ ‘ಕಾನ್ಫಿಗ್_’ ಎಂಬುದಿದೆ ಎಂದುಕೊಳ್ಳಿ.

ಯಂತ್ರದ ವಿಷಯ ಇಷ್ಟು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 11ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್, ಒಂದು ಎನ್‌ವಿಎಂಇ ಎಸ್‌ಎಸ್‌ಡಿ. ಕಾನ್ಫಿಗ್ ಮಾತ್ರ ಹಳೆಯದು. ಸಾಟಾ ಎಂಬ ಹಳೆಯ ಬಗೆಯ ಜೋಡಣೆಯ ಡಿಸ್ಕ್ ಇದ್ದ ನನ್ನ ಡೆಸ್ಕ್‌ಟಾಪ್‌ನಿಂದ ‘.ಕಾನ್ಫಿಗ್’ ಕಡತವನ್ನು ತಂದು, ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಓಡಿಸಿ, ಎನ್‌ವಿಎಂಇ ಡ್ರೈವರನ್ನು ‘ವೈ’ (ಕರ್ನಲ್ಲಿನೊಳಗೇ ಸೇರಲಿ ಎಂಬ ಉತ್ತರ) ಮಾಡಿದ್ದೆ. ಇನಿಟ್‌ರಾಮ್‌ಎಫ್‌ಎಸ್ (ನಿಜವಾದ ಡಿಸ್ಕ್ ಸಿಗುವವರೆಗೆ ಮೆಮೊರಿಯಲ್ಲಿರುವ ತಾತ್ಕಾಲಿಕ ಫೈಲ್‌ಸಿಸ್ಟಮ್) ಇಲ್ಲ, ಬೇಕಾದುದೆಲ್ಲ ಕರ್ನಲ್ಲಿನೊಳಗೇ ಇರಬೇಕು ಎಂಬ ಲೆಕ್ಕ.

ಪ್ಯಾನಿಕ್ ಆದ ಪರದೆಯ ಫೋಟೊವನ್ನು ಮೊದಲು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಎಲ್ಲರ ಕಣ್ಣು ಹೋಗುವುದು ಕೊನೆಯ ಸಾಲಿಗೆ. ಅದಕ್ಕಿಂತ ಹೆಚ್ಚು ಹೇಳುವುದು ಅದರ ಮೇಲಿನ ಭಾಗ. ಅಲ್ಲಿ ‘ಪ್ಲೀಸ್ ಅಪೆಂಡ್ ಎ ಕರೆಕ್ಟ್ ರೂಟ್= ಬೂಟ್ ಆಪ್ಶನ್; ಹಿಯರ್ ಆರ್ ದಿ ಅವೈಲಬಲ್ ಪಾರ್ಟಿಶನ್ಸ್’ ಎಂದು ಹೇಳಿ, ಕರ್ನಲ್ ತನಗೆ ಕಂಡ ಪಾರ್ಟಿಶನ್‌ಗಳನ್ನೆಲ್ಲ ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಡಿಸ್ಕ್ ಇದೆಯೋ ಇಲ್ಲವೋ ಎಂಬುದರ ಮೇಲೆ ಮುಂದಿನ ದಾರಿ ಪೂರ್ತಿ ಬೇರೆಯಾಗುತ್ತದೆ.

ಡಿಸ್ಕ್ ಪಟ್ಟಿಯಲ್ಲಿದ್ದರೆ ಬಸ್ಸೂ ಸರಿ, ಡ್ರೈವರೂ ಸರಿ. ಆಗ ಮುಖ್ಯ ಪಾರ್ಟಿಶನ್ ಯಾವುದೆಂದು ಬೂಟ್ ಸಾಲಿನಲ್ಲಿ ಹೇಳುವ ‘ರೂಟ್=’ ತಪ್ಪಿರಬೇಕು, ಇಲ್ಲವೇ ಫೈಲ್‌ಸಿಸ್ಟಮ್ ಬೆಂಬಲ ಬಿಟ್ಟುಹೋಗಿರಬೇಕು. ಆವರಣದೊಳಗಿನ ಅಂಕಿಗಳೂ ಇದನ್ನೇ ಹೇಳುತ್ತವೆ. (0,0) ಎಂದರೆ ನೀವು ಹೇಳಿದ ಹೆಸರಿಗೆ ಸರಿಹೊಂದುವ ಸಾಧನವೇ ಸಿಗಲಿಲ್ಲ ಎಂದು. ಮೊದಲ ಅಂಕಿ 259 ಇದ್ದರೆ ಎನ್‌ವಿಎಂಇ ಪಾರ್ಟಿಶನ್ ಸಿಕ್ಕಿದೆ, 8 ಇದ್ದರೆ ಸಾಟಾ ಅಥವಾ ಯುಎಸ್‌ಬಿ ಡಿಸ್ಕ್, 179 ಇದ್ದರೆ ಎಸ್‌ಡಿ ಕಾರ್ಡ್; ಸಿಕ್ಕಿಯೂ ಮೌಂಟ್ ಆಗಿಲ್ಲವೆಂದರೆ ಎಕ್ಸ್ಟ್4, ಬಿಟಿಆರ್‌ಎಫ್‌ಎಸ್ ಇಂಥ ಫೈಲ್‌ಸಿಸ್ಟಮ್‌ಗಳ ಬೆಂಬಲದ ಕಡೆ ನೋಡಿ. ಇನ್ನೊಂದು ವಿಷಯ: ಇನಿಟ್‌ರಾಮ್‌ಎಫ್‌ಎಸ್ ಇಲ್ಲದ ಕರ್ನಲ್‌ಗೆ ‘ರೂಟ್=ಯುಯುಐಡಿ=’ ಅರ್ಥವಾಗುವುದಿಲ್ಲ. ಫೈಲ್‌ಸಿಸ್ಟಮ್‌ನ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ, ಓದುವುದು ಯೂಸರ್‌ಸ್ಪೇಸ್‌ನ (ಕರ್ನಲ್ಲಿನ ಹೊರಗೆ ಓಡುವ ಪ್ರೋಗ್ರಾಂಗಳ) ಕೆಲಸ. ಕರ್ನಲ್ ತಾನಾಗಿ ಓದಬಲ್ಲದ್ದು ಪಾರ್ಟಿಶನ್‌ನ ಗುರುತಾದ ‘ಪಾರ್ಟ್‌ಯುಯುಐಡಿ=’. ಇದೊಂದನ್ನೇ ತಪ್ಪಿ ಬರೆದು, ಸರಿಯಾಗಿರುವ ಕಾನ್ಫಿಗ್ಗನ್ನು ಕೆಡಿಸಿಕೊಂಡವರನ್ನು ಕಂಡಿದ್ದೇನೆ. ಬೂಟ್ ಸಾಲಿನಲ್ಲಿ ‘ರೂಟ್‌ವೇಟ್’ ಇದ್ದರೆ ಡಿಸ್ಕ್ ಸಿಗದಿದ್ದರೂ ಪ್ಯಾನಿಕ್ ಆಗುವುದಿಲ್ಲ, ‘ವೇಟಿಂಗ್ ಫಾರ್ ರೂಟ್ ಡಿವೈಸ್’ ಎಂದು ಹೇಳಿ ಕಾಯುತ್ತಲೇ ಇರುತ್ತದೆ. ಹುಡುಕಾಟದ ಹೊತ್ತಿಗೆ ಅದನ್ನು ತೆಗೆದುಬಿಡಿ, ಪಟ್ಟಿ ಕಣ್ಣಿಗೆ ಬೀಳಲಿ.

ನನ್ನ ಫೋಟೊದಲ್ಲಿ ಪಟ್ಟಿ ಖಾಲಿ. ಶೀರ್ಷಿಕೆ ಇದೆ, ಕೆಳಗೆ ಒಂದು ಸಾಲೂ ಇಲ್ಲ.

ಪಟ್ಟಿ ಖಾಲಿ ಇದ್ದಾಗ ಎನ್‌ವಿಎಂಇ ಡ್ರೈವರ್ ಇದೆಯೇ ಎಂದು ಕೇಳುವ ಮೊದಲು, ಆ ಡಿಸ್ಕ್ ಯಾವ ಬಸ್ಸಿನ ಮೇಲೆ, ಯಾವುದರ ಹಿಂದೆ ಕೂತಿದೆ ಎಂದು ಕೇಳಬೇಕು. ಡ್ರೈವರ್ ತಾನಾಗಿ ಹೋಗಿ ಯಾವ ಸಾಧನವನ್ನೂ ಹುಡುಕುವುದಿಲ್ಲ. ಪಿಸಿಐ ಎಂಬ ಬಸ್ಸನ್ನು ನೋಡಿಕೊಳ್ಳುವ ಕರ್ನಲ್ ಭಾಗ, ಅಂದರೆ ಪಿಸಿಐ ಕೋರ್, ಬಸ್ಸಿನ ಮೇಲೆ ಒಂದೊಂದೇ ಸ್ಥಾನಕ್ಕೆ ಹೋಗಿ ವೆಂಡರ್ ಐಡಿ (ತಯಾರಕರ ಗುರುತಿನ ಅಂಕಿ) ಓದುತ್ತದೆ. ಎಲ್ಲ ಬಿಟ್‌ಗಳೂ 1 ಆಗಿ ಬಂದರೆ ಅಲ್ಲಿ ಯಾರೂ ಇಲ್ಲ. ಬೇರೆ ಏನಾದರೂ ಬಂದರೆ ಅಲ್ಲೊಂದು ಸಾಧನವಿದೆ ಎಂದು ದಾಖಲಿಸಿ, ಆಮೇಲೆ ಅದಕ್ಕೆ ಹೊಂದುವ ಡ್ರೈವರನ್ನು ಕರೆಯುತ್ತದೆ. ಮನೆಯಲ್ಲಿ ಕರೆಗಂಟೆ ಎಷ್ಟು ಚೆನ್ನಾಗಿದ್ದರೂ ಆ ಓಣಿಗೆ ಅಂಚೆಯವನೇ ಬಾರದಿದ್ದರೆ ಕಾಗದ ತಲುಪುವುದಿಲ್ಲ.

ಓಣಿಯನ್ನು ಕಣ್ಣಾರೆ ನೋಡಲು, ಕೆಲಸ ಮಾಡುವ ಬೇರೊಂದು ಕರ್ನಲ್ ಬೇಕು. ಯಾವುದಾದರೂ ಡಿಸ್ಟ್ರೊದ (ಉಬುಂಟುವಿನಂಥ ಸಿದ್ಧ ಲಿನಕ್ಸ್) ಲೈವ್ ಯುಎಸ್‌ಬಿ ಸಾಕು. ಅದರಿಂದ ಬೂಟ್ ಮಾಡಿ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಓಡಿಸಿ. ಈ ಆದೇಶ ಪ್ರತಿ ಸಾಧನದ ವಿಳಾಸ, ವರ್ಗದ ಅಂಕಿ, ವೆಂಡರ್ ಮತ್ತು ಡಿವೈಸ್ ಐಡಿ, ಜೊತೆಗೆ ಈಗ ಯಾವ ಡ್ರೈವರ್ ಅದನ್ನು ಹಿಡಿದಿದೆ ಎಂಬುದನ್ನೆಲ್ಲ ತೋರಿಸುತ್ತದೆ. ಎನ್‌ವಿಎಂಇ ಡಿಸ್ಕಿನ ವರ್ಗ 0108. ನನ್ನ ಯಂತ್ರದಲ್ಲಿ ಅದು ಕಾಣಿಸಿತು, ಆದರೆ ವಿಳಾಸ ವಿಚಿತ್ರವಾಗಿತ್ತು: 10000:ಇ1:00.0.

ಸಾಮಾನ್ಯವಾಗಿ ಲ್ಯಾಪ್‌ಟಾಪ್‌ಗಳಲ್ಲಿ ಪಿಸಿಐ ಡೊಮೇನ್, ಅಂದರೆ ವಿಳಾಸದ ಮೊದಲ ಭಾಗ, 0000 ಒಂದೇ ಇರುತ್ತದೆ, ಹಾಗಾಗಿ ಎಲ್‌ಎಸ್‌ಪಿಸಿಐ ಅದನ್ನು ತೋರಿಸುವ ಗೋಜಿಗೂ ಹೋಗುವುದಿಲ್ಲ. ಐದು ಅಂಕಿಯ 10000 ಎಲ್ಲಿಂದ ಬಂತು? ಅದೇ ಪಟ್ಟಿಯಲ್ಲಿ ಮೇಲೆ ಹೋಗಿ ನೋಡಿದರೆ 0000:00:0ಇ.0 ಎಂಬಲ್ಲಿ ಒಂದು ರೇಡ್ ಕಂಟ್ರೋಲರ್, ವರ್ಗ 0104, ಐಡಿ 8086:9ಎ0ಬಿ, ಅದನ್ನು ಹಿಡಿದಿರುವ ಡ್ರೈವರ್ ‘ವಿಎಂಡಿ’. ಇಡೀ ಗುಟ್ಟು ಇಲ್ಲಿತ್ತು.

ವಿಎಂಡಿ ಎಂದರೆ ಇಂಟೆಲ್‌ನ ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್. ಮೊದಲು ಸರ್ವರ್‌ಗಳಿಗೆ ಬಂದದ್ದು, 11ನೇ ತಲೆಮಾರಿನಿಂದ ಲ್ಯಾಪ್‌ಟಾಪ್‌ಗಳಿಗೂ ಇಳಿಯಿತು. ಬಯಾಸ್‌ನಲ್ಲಿ ಇದು ಆನ್ ಆಗಿದ್ದರೆ ಎನ್‌ವಿಎಂಇ ಡಿಸ್ಕ್ ಇರುವ ರೂಟ್ ಪೋರ್ಟ್ (ಡಿಸ್ಕ್ ಪಿಸಿಐಗೆ ಸೇರುವ ಬಾಗಿಲು) ಮಾಮೂಲಿ ಪಿಸಿಐ ಮರದಿಂದ ಮಾಯವಾಗಿ ಈ ಕಂಟ್ರೋಲರ್‌ನ ಬೆನ್ನ ಹಿಂದೆ ಹೋಗುತ್ತದೆ. ವಿಎಂಡಿ ಡ್ರೈವರ್ ಬಂದು ಆ ಕಂಟ್ರೋಲರನ್ನು ತೆರೆದಾಗಲೇ ಅದರ ಹಿಂದೆ ಹೊಸದೊಂದು ಪಿಸಿಐ ಬಸ್ ಹುಟ್ಟುತ್ತದೆ, ಆ ಬಸ್ಸಿನ ಮೇಲೆ ಡಿಸ್ಕ್ ಕಾಣುತ್ತದೆ. ಮಾಮೂಲಿ ಡೊಮೇನ್‌ಗಳು ಹದಿನಾರು ಬಿಟ್‌ಗೆ ಮುಗಿಯುವುದರಿಂದ ಡ್ರೈವರ್ ಅದರಾಚೆಯ, ಹೆಕ್ಸ್ (ಹದಿನಾರರ) ಲೆಕ್ಕದ 10000ದಿಂದ ಎಣಿಕೆ ಶುರು ಮಾಡುತ್ತದೆ. ಎಲ್‌ಎಸ್‌ಪಿಸಿಐನಲ್ಲಿ ಐದಂಕಿಯ ಡೊಮೇನ್ ಕಂಡ ತಕ್ಷಣ ವಿಎಂಡಿ ನೆನಪಾಗಬೇಕು. ನನ್ನ ಕರ್ನಲ್‌ನಲ್ಲಿ ಆ ಡ್ರೈವರ್ ಇರಲಿಲ್ಲ. ಎನ್‌ವಿಎಂಇ ಡ್ರೈವರ್ ತಯಾರಾಗಿ ಕಾದು ನಿಂತಿದ್ದರೂ ಅದನ್ನು ಕರೆಯಲು ಬಸ್ಸೇ ಹುಟ್ಟಿರಲಿಲ್ಲ.

ಸರಿ, ವಿಎಂಡಿ ಹಾಕಿದರಾಯಿತು ಎಂದು ‘.ಕಾನ್ಫಿಗ್’ ಕಡತವನ್ನು ಎಡಿಟರ್‌ನಲ್ಲಿ ತೆರೆದು ಕೊನೆಗೆ ‘ಕಾನ್ಫಿಗ್_ವಿಎಂಡಿ=ವೈ’ ಎಂದು ಸೇರಿಸಿ ಮತ್ತೆ ಕಟ್ಟಿದೆ. ಅದೇ ಪ್ಯಾನಿಕ್, ಅದೇ ಖಾಲಿ ಪಟ್ಟಿ. ಕಡತವನ್ನು ಮತ್ತೆ ತೆರೆದು ನೋಡಿದರೆ ನಾನು ಬರೆದ ಸಾಲೇ ಇಲ್ಲ. ಎಚ್ಚರಿಕೆ ಇಲ್ಲ, ದೋಷದ ಸಂದೇಶ ಇಲ್ಲ, ಸಾಲು ಮಾತ್ರ ಹೋಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಸ್ ಆಯ್ಕೆಗಳಲ್ಲಿ ಜನ ಕೈ ಸುಟ್ಟುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಈ ಆಯ್ಕೆಗಳನ್ನು ನಿಭಾಯಿಸುವ ಕೆಕಾನ್ಫಿಗ್‌ನಲ್ಲಿ ಪ್ರತಿ ಆಯ್ಕೆಗೂ ‘ಡಿಪೆಂಡ್ಸ್ ಆನ್’ ಎಂಬ ಷರತ್ತು ಇರಬಹುದು. ಷರತ್ತು ಪೂರೈಸದಿದ್ದರೆ ಆ ಆಯ್ಕೆ ಮೆನುವಿನಲ್ಲೂ ಕಾಣುವುದಿಲ್ಲ, ಕಡತದಲ್ಲೂ ಉಳಿಯುವುದಿಲ್ಲ. ನೀವು ಕೈಯಾರೆ ಬರೆದರೂ ಮುಂದಿನ ‘ಮೇಕ್’ ಅದನ್ನು ತೆಗೆದುಹಾಕುತ್ತದೆ. ಹಾಗಾಗಿ ಕಡತದಲ್ಲಿ ಎರಡು ಬಗೆಯ ‘ಇಲ್ಲ’ಗಳಿವೆ. ಮುಂದೆ ಹ್ಯಾಶ್ ಗುರುತು ಹಾಕಿ ‘ಕಾನ್ಫಿಗ್_ವಿಎಂಡಿ ಈಸ್ ನಾಟ್ ಸೆಟ್’ ಎಂಬ ಸಾಲು ಇದ್ದರೆ, ನಿಮ್ಮನ್ನು ಕೇಳಿದ್ದರು, ಉತ್ತರ ಬೇಡ ಎಂದಾಗಿತ್ತು. ಆ ಹೆಸರಿನ ಸಾಲೇ ಇಲ್ಲದಿದ್ದರೆ ನಿಮ್ಮನ್ನು ಯಾರೂ ಕೇಳಿಯೇ ಇಲ್ಲ, ತಪ್ಪು ಒಂದು ಮೆಟ್ಟಿಲು ಮೇಲಿದೆ. ಗ್ರೆಪ್ ಮಾಡಿದಾಗ, ಅಂದರೆ ಕಡತದಲ್ಲಿ ಹೆಸರು ಹುಡುಕಿದಾಗ, ಏನೂ ಸಿಗದಿರುವುದೂ ಒಂದು ಸುಳಿವು, ಅದನ್ನು ಕಡೆಗಣಿಸಬೇಡಿ.

ಮೆಟ್ಟಿಲು ಹತ್ತುವುದಕ್ಕೆ ‘ಮೇಕ್ ಮೆನುಕಾನ್ಫಿಗ್’ ತೆರೆದು ಓರೆಗೆರೆಯ ಕೀಲಿ ಒತ್ತಿ, ವಿಎಂಡಿ ಎಂದು ಹುಡುಕಿ. ಆಯ್ಕೆ ಎಲ್ಲಿದೆ, ಯಾವುದರ ಮೇಲೆ ಅವಲಂಬಿಸಿದೆ, ಆ ಒಂದೊಂದೂ ಈಗ ‘ವೈ’ ಆಗಿದೆಯೋ ‘ಎನ್’ ಆಗಿದೆಯೋ ಎಂಬುದೆಲ್ಲ ಅಲ್ಲೇ ಬರುತ್ತದೆ. ನನಗೆ ಕಂಡದ್ದು ಇದು: ಎಕ್ಸ್86_64 ‘ವೈ’, ಪಿಸಿಐ_ಎಂಎಸ್‌ಐ ‘ಎನ್’.

ಎಂಎಸ್‌ಐ ಎಂದರೆ ಮೆಸೇಜ್ ಸಿಗ್ನಲ್ಡ್ ಇಂಟರಪ್ಟ್. ಪ್ರತ್ಯೇಕ ತಂತಿಯನ್ನು ಎಳೆದು ಇಂಟರಪ್ಟ್ (ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತ) ಕೊಡುವ ಬದಲು, ಸಾಧನ ಒಂದು ವಿಳಾಸಕ್ಕೆ ಬರೆಯುವುದರ ಮೂಲಕವೇ ಪ್ರೊಸೆಸರನ್ನು ಎಬ್ಬಿಸುವ ಪದ್ಧತಿ. ಹಳೆಯ ಡೆಸ್ಕ್‌ಟಾಪ್‌ನ ಒಂದು ಕಾರ್ಡಿಗೆ ಇದು ಒಗ್ಗುತ್ತಿರಲಿಲ್ಲವೆಂದು ವರ್ಷಗಳ ಹಿಂದೆ ಕರ್ನಲ್‌ನಿಂದಲೇ ತೆಗೆದುಹಾಕಿದ್ದೆ. ಆ ಉತ್ತರ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಓಲ್ಡ್‌ಡೆಫ್‌ಕಾನ್ಫಿಗ್‌ನ ಬೆನ್ನೇರಿ ಇಲ್ಲಿಯವರೆಗೆ ಬಂದಿತ್ತು. ಈ ಆದೇಶ ಹೊಸ ಪ್ರಶ್ನೆಗಳಿಗೆ ಮಾತ್ರ ಡೀಫಾಲ್ಟ್ ಉತ್ತರ ಕೊಡುತ್ತದೆ. ಹಳೆಯ ಉತ್ತರಗಳನ್ನು ಹಾಗೇ ಉಳಿಸುತ್ತದೆ, ಯಂತ್ರ ಬದಲಾಗಿದ್ದರೂ. ಒಂದೇ ಕಾರ್ಡಿನ ತೊಂದರೆಗೆ ಎಂಎಸ್‌ಐಯನ್ನು ಬೂಟ್ ಸಾಲಿನಲ್ಲಿ ‘ಪಿಸಿಐ=ನೋಎಂಎಸ್‌ಐ’ ಎಂದು ನಿಲ್ಲಿಸಬೇಕಿತ್ತು. ಆ ಸಾಲು ಆ ಯಂತ್ರದಲ್ಲೇ ಉಳಿಯುತ್ತಿತ್ತು, ಕಾನ್ಫಿಗ್ ಜೊತೆ ಊರೂರು ಸುತ್ತುತ್ತಿರಲಿಲ್ಲ.

ಪರಿಹಾರಕ್ಕೆ ಎರಡೇ ನಿಮಿಷ. ಡಿವೈಸ್ ಡ್ರೈವರ್ಸ್, ಅದರೊಳಗೆ ಪಿಸಿಐ ಸಪೋರ್ಟ್, ಅಲ್ಲಿ ಎಂಎಸ್‌ಐ ಆನ್ ಮಾಡಿದೆ. ಮಾಡಿದ ಕೂಡಲೇ ಅದೇ ಮೆನುವಿನ ಪಿಸಿಐ ಕಂಟ್ರೋಲರ್ ಡ್ರೈವರ್ಸ್ ಒಳಗೆ ವಿಎಂಡಿ ತಾನಾಗಿ ಕಾಣಿಸಿಕೊಂಡಿತು. ಅದನ್ನು ‘ಎಂ’ (ಮಾಡ್ಯೂಲ್, ಅಂದರೆ ಆಮೇಲೆ ಲೋಡ್ ಆಗುವ ಬೇರೆ ಕಡತ) ಅಲ್ಲ, ‘ವೈ’ ಮಾಡಿದೆ. ಇನಿಟ್‌ರಾಮ್‌ಎಫ್‌ಎಸ್ ಇಲ್ಲದಿರುವಾಗ ಡಿಸ್ಕನ್ನು ತೆರೆಯುವ ಮಾಡ್ಯೂಲ್ ಅದೇ ಡಿಸ್ಕಿನೊಳಗೆ ಇರಲಾಗದು. ಕಟ್ಟುವ ಮುಂಚೆ ‘ಸ್ಕ್ರಿಪ್ಟ್ಸ್/ಡಿಫ್‌ಕಾನ್ಫಿಗ್’ ಓಡಿಸಿ ಹಳೆಯ ಕಡತಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ನೋಡಿಕೊಂಡೆ. ಬೂಟ್ ಆಯಿತು.

ಮೆನು ಇರುವ ಜಾಗದ ಬಗ್ಗೆ ಒಂದು ಮಾತು. ಹಳೆಯ ಮಾರ್ಗದರ್ಶಿಗಳಲ್ಲಿ ಪಿಸಿಐ ಆಯ್ಕೆ ‘ಬಸ್ ಆಪ್ಶನ್ಸ್’ ಎಂಬ ಮೇಲ್ಮಟ್ಟದ ಮೆನುವಿನಲ್ಲಿದೆ ಎಂದಿರುತ್ತದೆ. 2019ರ ಮಾರ್ಚ್‌ನಲ್ಲಿ ಬಂದ 5.0 ಆವೃತ್ತಿಯಿಂದ ಅದು ಡಿವೈಸ್ ಡ್ರೈವರ್ಸ್ ಒಳಕ್ಕೆ ಹೋಗಿದೆ. ಅಲ್ಲಿಯವರೆಗೆ ಒಂದೊಂದು ಆರ್ಕಿಟೆಕ್ಚರ್‌ನವರೂ (ಪ್ರೊಸೆಸರ್ ಬಗೆಯವರೂ) ತಮ್ಮ ತಮ್ಮ ಪಿಸಿಐ ಆಯ್ಕೆಯನ್ನು ಬರೆದುಕೊಂಡಿದ್ದರು. ಎಲ್ಲವನ್ನೂ ಒಂದೇ ಕಡೆ ತಂದಿದ್ದು ಒಳ್ಳೆಯ ಕೆಲಸ. ಮೆನುವಿನಲ್ಲಿ ಏನಾದರೂ ಕಾಣದಿದ್ದರೆ ‘ಝಡ್’ ಒತ್ತಿ, ಷರತ್ತು ಪೂರೈಸದೆ ಅಡಗಿರುವ ಆಯ್ಕೆಗಳೂ ಕಾಣುತ್ತವೆ.

ಕೈಯಾರೆ ಸಾಲು ಬರೆಯುವ ಅಭ್ಯಾಸ ಬಿಡಲಾಗದವರಿಗೆ ಇನ್ನೊಂದು ದಾರಿ ಇದೆ. ಬೇಕಾದ ಸಾಲುಗಳನ್ನು ಪ್ರತ್ಯೇಕ ತುಣುಕು ಕಡತದಲ್ಲಿ ಬರೆದು, ‘ಸ್ಕ್ರಿಪ್ಟ್ಸ್/ಕೆಕಾನ್ಫಿಗ್’ ಒಳಗಿರುವ ‘ಮರ್ಜ್_ಕಾನ್ಫಿಗ್.ಎಸ್‌ಎಚ್’ ಮೂಲಕ ಸೇರಿಸಿ. ಯಾವ ಸಾಲು ಷರತ್ತಿಗೆ ಸಿಕ್ಕಿ ಬಿದ್ದುಹೋಯಿತೋ ಅದರ ಹೆಸರು ಹಿಡಿದು, ನೀವು ಕೇಳಿದ ಮೌಲ್ಯ ಇದು, ಕೊನೆಗೆ ಉಳಿದದ್ದು ಇದು ಎಂದು ಹೇಳುತ್ತದೆ. ನಾನು ಈಗ ಬಳಸುತ್ತಿರುವುದು ಇದನ್ನೇ.

ಬಯಾಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಮಾಡಬಹುದು, ಡಿಸ್ಕ್ ಮಾಮೂಲಿ ಡೊಮೇನ್‌ಗೆ ಮರಳಿ ಬರುತ್ತದೆ. ಆದರೆ ಅದೇ ಯಂತ್ರದಲ್ಲಿ ವಿಂಡೋಸ್ ಇದ್ದು, ಅದನ್ನು ವಿಎಂಡಿ ಆನ್ ಇರುವಾಗ ಹಾಕಿದ್ದರೆ, ಅದು ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆ ತೋರಿಸಿ ನಿಲ್ಲಬಹುದು. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಇದ್ದರೆ ರಿಕವರಿ ಕೀಲಿಯನ್ನೂ ಕೇಳಬಹುದು. ಆ ಕೀಲಿ ಕೈಯಲ್ಲಿಲ್ಲದೆ ಬಯಾಸ್ ಮುಟ್ಟಬೇಡಿ.

ಡಿಸ್ಟ್ರೊ ಕರ್ನಲ್ ಬಳಸುವವರಿಗೂ ಇದೇ ದೋಷ ಬೇರೆ ವೇಷದಲ್ಲಿ ಬರುತ್ತದೆ. ಅಲ್ಲಿ ವಿಎಂಡಿ ಮಾಡ್ಯೂಲ್ ಆಗಿರುವುದು ಸಾಮಾನ್ಯ, ಅದು ಇನಿಟ್‌ರಾಮ್‌ಎಫ್‌ಎಸ್ ಒಳಗೆ ಇರಲೇಬೇಕು. ಈ ಯಂತ್ರಕ್ಕೆ ಬೇಕಾದಷ್ಟೇ ಮಾಡ್ಯೂಲ್‌ಗಳನ್ನು ಹಾಕಿ ಚಿಕ್ಕದು ಮಾಡಿದ ಇನಿಟ್‌ರಾಮ್‌ಎಫ್‌ಎಸ್ ಇದ್ದು, ಆಮೇಲೆ ಡಿಸ್ಕನ್ನು ಬೇರೆ ಲ್ಯಾಪ್‌ಟಾಪ್‌ಗೆ ಹಾಕಿದರೆ, ಪ್ಯಾನಿಕ್ ಬದಲು ಡಿಸ್ಕ್ ಇಲ್ಲವೆಂದು ತುರ್ತು ಶೆಲ್‌ಗೆ (ಆದೇಶ ಬರೆಯುವ ಪರದೆಗೆ) ಬಿಡುತ್ತದೆ. ಉಬುಂಟು, ಡೆಬಿಯನ್‌ನವರು ‘ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್’, ಫೆಡೋರಾದವರು ‘ಎಲ್‌ಎಸ್‌ಇನಿಟ್‌ಆರ್‌ಡಿ’ ಓಡಿಸಿ ಅದರಲ್ಲಿ ವಿಎಂಡಿ ಇದೆಯೇ ಎಂದು ಗ್ರೆಪ್ ಮಾಡಲಿ. ಕಾನ್ಫಿಗ್ಗನ್ನು ಚಿಕ್ಕದು ಮಾಡುವ ‘ಲೋಕಲ್‌ಮಾಡ್‌ಕಾನ್ಫಿಗ್’ ಬಳಸುವವರೂ ನೆನಪಿಡಿ: ಆ ಕ್ಷಣದಲ್ಲಿ ಲೋಡ್ ಆಗಿರದ ಮಾಡ್ಯೂಲ್‌ಗಳನ್ನೆಲ್ಲ ಅದು ಕತ್ತರಿಸುತ್ತದೆ. ಯುಎಸ್‌ಬಿ, ಡಾಕ್, ಕಾರ್ಡ್ ರೀಡರ್ ಎಲ್ಲವನ್ನೂ ಒಮ್ಮೆ ಚುಚ್ಚಿ ಬಳಸಿ, ಆಮೇಲೆ ಓಡಿಸಿ.

ತೀರಾ ಬೋಳು ಕಾನ್ಫಿಗ್‌ನಿಂದ, ಅಂದರೆ ಟೈನಿಕಾನ್ಫಿಗ್‌ನಿಂದ ಶುರು ಮಾಡಿದವರಿಗೆ ಪಿಸಿಐಯೇ ಇರುವುದಿಲ್ಲ. ಅದರ ಗುರುತು ಸುಲಭ: ‘/ಸಿಸ್/ಬಸ್/ಪಿಸಿಐ’ ಎಂಬ ಕೋಶವೇ ಇರುವುದಿಲ್ಲ, ಎಲ್‌ಎಸ್‌ಪಿಸಿಐ ‘ಕೆನಾಟ್ ಓಪನ್ /ಪ್ರಾಕ್/ಬಸ್/ಪಿಸಿಐ’ ಎನ್ನುತ್ತದೆ.

ಬಸ್ಸಿನ ಹಿಂದೆ ಬಸ್ ಅಡಗಿರುವುದು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಅಲ್ಲ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಸ್ವಂತ ಕರ್ನಲ್ ಹಾಕಿ, ಯುಎಸ್‌ಬಿ ಕೀಬೋರ್ಡ್ ಕೆಲಸ ಮಾಡದೆ ಒದ್ದಾಡಿದ ವಿದ್ಯಾರ್ಥಿಯೊಬ್ಬರಿಗೆ ನೆರವಾಗಿದ್ದೆ. ಯುಎಸ್‌ಬಿ ಆಯ್ಕೆಗಳೆಲ್ಲ ಆನ್ ಇದ್ದವು. ಆದರೆ ಪೈ 4ರ ನಾಲ್ಕು ಯುಎಸ್‌ಬಿ ಕಿಂಡಿಗಳು ವಿಎಲ್805 ಎಂಬ ಚಿಪ್‌ನಿಂದ ಬರುತ್ತವೆ, ಆ ಚಿಪ್ ಪಿಸಿಐ ಎಕ್ಸ್‌ಪ್ರೆಸ್ ಮೂಲಕ ಮುಖ್ಯ ಚಿಪ್‌ಗೆ ಸೇರಿದೆ. ಅವರು ಕಾರ್ಡ್ ಹಾಕುವ ಸ್ಲಾಟೇ ಇಲ್ಲದ ಬೋರ್ಡಿಗೆ ಪಿಸಿಐ ಯಾಕೆ ಎಂದು ಅದನ್ನು ತೆಗೆದಿದ್ದರು. ಪಿಸಿಐ ಮತ್ತು ಪಿಸಿಐಇ_ಬಿಆರ್‌ಸಿಎಂಎಸ್‌ಟಿಬಿ ಮರಳಿ ಹಾಕಿದಾಗ ಕೀಬೋರ್ಡ್ ಬಂತು.

ನನ್ನ ಲ್ಯಾಪ್‌ಟಾಪ್‌ಗೆ ಮರಳಿದರೆ, ಡಿಸ್ಕ್ ಬಂತು, ಟಚ್‌ಪ್ಯಾಡ್ ಸತ್ತಿತ್ತು. ಈ ಸಲ ಡ್ರೈವರ್ ಮೆನುವಿಗೆ ಹೋಗದೆ ನೇರ ಬಸ್ಸಿಗೇ ಹೋದೆ. ಇತ್ತೀಚಿನ ಟಚ್‌ಪ್ಯಾಡ್‌ಗಳು ಹೆಚ್ಚಾಗಿ ಐ2ಸಿ ಎಂಬ, ಚಿಕ್ಕ ಚಿಪ್‌ಗಳನ್ನು ಜೋಡಿಸುವ ಬಸ್ಸಿನ ಮೇಲೆ ಕೂತಿರುತ್ತವೆ, ಎಸಿಪಿಐ ಕೋಷ್ಟಕದಲ್ಲಿ (ಯಂತ್ರದಲ್ಲಿ ಏನೇನಿದೆ ಎಂದು ಬಯಾಸ್ ಕೊಡುವ ಪಟ್ಟಿ) ಅವಕ್ಕೆ ಪಿಎನ್‌ಪಿ0ಸಿ50 ಎಂಬ ಗುರುತು. ಆ ಐ2ಸಿ ಕಂಟ್ರೋಲರ್ ಮಾತ್ರ ಪಿಸಿಐ ಸಾಧನವಾಗಿ ಕಾಣುತ್ತದೆ. ಎಲ್‌ಎಸ್‌ಪಿಸಿಐನಲ್ಲಿ ‘ಸೀರಿಯಲ್ ಐಒ ಐ2ಸಿ ಕಂಟ್ರೋಲರ್’ ಎಂಬ ಸಾಲು ಇತ್ತು, ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಇರಲಿಲ್ಲ. ಅಂದರೆ ಕಡಿದಿರುವುದು ಪಿಸಿಐಗೂ ಐ2ಸಿಗೂ ನಡುವಿನ ಕೊಂಡಿ.

ಆ ಕೊಂಡಿ ಐ2ಸಿ ಮೆನುವಿನಲ್ಲಿಲ್ಲ, ಅದಕ್ಕೇ ಇದು ಜನರಿಗೆ ಸಿಗುವುದಿಲ್ಲ. ಮಲ್ಟಿಫಂಕ್ಷನ್ ಡಿವೈಸ್ ಡ್ರೈವರ್ಸ್ ಎಂಬ ಬೇರೆಯೇ ಮೆನುವಿನಲ್ಲಿ ಎಂಎಫ್‌ಡಿ_ಇಂಟೆಲ್_ಎಲ್‌ಪಿಎಸ್‌ಎಸ್_ಪಿಸಿಐ ಎಂದಿದೆ. ಅದು ಪಿಸಿಐ ಸಾಧನವನ್ನು ಹಿಡಿದು, ಒಳಗಿನ ಐ2ಸಿ ಭಾಗವನ್ನು ಹೊರಗೆಳೆದು ಡಿಸೈನ್‌ವೇರ್ ಎಂಬ ಐ2ಸಿ ಡ್ರೈವರ್‌ಗೆ ಒಪ್ಪಿಸುತ್ತದೆ. ಅದನ್ನೂ, ಐ2ಸಿ_ಡಿಸೈನ್‌ವೇರ್_ಪ್ಲಾಟ್‌ಫಾರ್ಮ್, ಐ2ಸಿ_ಹಿಡ್_ಎಸಿಪಿಐ, ಹಿಡ್_ಮಲ್ಟಿಟಚ್ ಇವನ್ನೂ ಹಾಕಿದೆ. ‘/ಸಿಸ್/ಬಸ್/ಐ2ಸಿ/ಡಿವೈಸಸ್’ ಒಳಗೆ ಟಚ್‌ಪ್ಯಾಡ್‌ನ ಹೆಸರು ಬಂತು. ಬೆರಳಾಡಿಸಿದರೆ ಬಾಣದ ಗುರುತು ಮಾತ್ರ ಕದಲಲಿಲ್ಲ.

ಸಾಧನ ಬಸ್ಸಿನ ಮೇಲೆ ಕಾಣುತ್ತದೆ, ಡ್ರೈವರೂ ಇದೆ, ಆದರೂ ಇಬ್ಬರೂ ಕೂಡಿಲ್ಲ ಎಂದಾಗ ನೋಡಬೇಕಾದ ಕಡತ ‘/ಸಿಸ್/ಕರ್ನಲ್/ಡೀಬಗ್/ಡಿವೈಸಸ್_ಡಿಫರ್ಡ್’. ಬೇಕಾದ ಇನ್ನೊಂದು ಸಾಧನ ಇನ್ನೂ ಬಂದಿಲ್ಲವೆಂದು ಕಾಯುತ್ತಿರುವವರ ಹೆಸರುಗಳು ಅದರಲ್ಲಿರುತ್ತವೆ. ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದ ಬಳಕೆದಾರನಾಗಿ, ಅದನ್ನು ಓದಿದೆ. ಒಂದೇ ಸಾಲು, ಅದು ಟಚ್‌ಪ್ಯಾಡ್‌ನದು. ಬೆರಳು ತಾಗಿದಾಗ ಅದು ಇಂಟರಪ್ಟ್ ಕೊಡುವುದು ಐ2ಸಿ ತಂತಿಯಲ್ಲಿ ಅಲ್ಲ, ಪ್ರತ್ಯೇಕ ಜಿಪಿಐಒ (ಸಾಮಾನ್ಯ ಬಳಕೆಯ ಸಂಕೇತ) ಪಿನ್ನಿನಲ್ಲಿ. ಆ ಪಿನ್ನುಗಳನ್ನು ನೋಡಿಕೊಳ್ಳುವುದು ಆಯಾ ಪ್ರೊಸೆಸರ್ ತಲೆಮಾರಿನ ಪಿನ್‌ಕಂಟ್ರೋಲ್ ಡ್ರೈವರ್, ನನ್ನದಕ್ಕೆ ಪಿನ್‌ಸಿಟಿಆರ್‌ಎಲ್_ಟೈಗರ್‌ಲೇಕ್. ಡೆಸ್ಕ್‌ಟಾಪ್‌ನ ಕಾನ್ಫಿಗ್‌ನಲ್ಲಿ ಅದು ಇರಲು ಕಾರಣವೇ ಇರಲಿಲ್ಲ. ಅದನ್ನು ತುಣುಕು ಕಡತಕ್ಕೆ ಸೇರಿಸಿ, ಮರ್ಜ್ ಮಾಡಿ, ಯಾವ ಸಾಲೂ ಬಿದ್ದಿಲ್ಲವೆಂದು ನೋಡಿಕೊಂಡು ಕಟ್ಟಿದೆ. ಮುಂದಿನ ಬೂಟ್‌ನಲ್ಲಿ ಆ ಡಿಫರ್ಡ್ ಕಡತ ಖಾಲಿ ಇತ್ತು, ಎರಡು ಬೆರಳಿಟ್ಟು ಎಳೆದರೆ ಪುಟ ಸರಿಯಿತು.